ಚಲೋ ಮೊಣಕಾಲಿನ ನೀರು

ಮೊನ್ನೆ ಉಳ್ಳಾಗಡ್ಡಿ ಹೆಚ್ಚಿ ವಿನೆಗರಿನಲ್ಲಿ ಹಾಕಿಡೋಣವೆಂದು ಹೊಸ ಬಾಟಲಿಯ ಮುಚ್ಚಳ ತೆಗೆದೆ. ಆ ಹುಳಿ ಘಾಟು ಮೂಗಿಗೆ ಹೊಡೆದದ್ದೇ ತಡ, ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಎಷ್ಟೋ ವರ್ಷಗಳ ಹಿಂದೆ ಪುಣೆಯ ಒಂದು ಆಸ್ಪತ್ರೆಯ ಹಿಂಬದಿಯ ಸಣ್ಣ ಕೋಣೆಯಲ್ಲಿ ಇದೇ ಘಾಟಿನಲ್ಲಿ ನಾನು ದಿನಗಟ್ಟಲೆ ಕೂತಿದ್ದೆ. ಆ ಕೋಣೆಯ ಜೊತೆಗೇ ನಾನು ಅಕ್ಕ ಎನ್ನುತ್ತಿದ್ದ ಒಬ್ಬಳೂ ನೆನಪಾದಳು...

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನಾಗ ಸಂಶೋಧನಾ ವಿದ್ಯಾರ್ಥಿನಿ. ಅಪ್ಪ ವಿಜಾಪುರದ ಕಡೆಯಿಂದ ಗುಮಾಸ್ತರಾಗಿ ಬಂದು ಪುಣೆಯ ಧನಕವಡಿಯಲ್ಲಿ ನೆಲೆಸಿದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಕೀಲು ಬಾತುಕೊಂಡು ಉರಿಯುವ ಸಂಧಿವಾತ ಇದೆಯಲ್ಲ, ಆ ರೋಗಿಗಳ ಮೊಣಕಾಲಿನಿಂದ ಡಾಕ್ಟರರು ಸೂಜಿ ಹಾಕಿ ತೆಗೆದ ನೀರಿನಲ್ಲಿ ಯಾವ ಯಾವ ಪ್ರೋಟೀನುಗಳಿವೆ ಎಂದು ನೋಡುವುದು ನನ್ನ ಕೆಲಸ. ಆ ನೀರನ್ನು ಜೆಲ್ ಎಂಬ ತೆಳ್ಳನೆಯ ಹಾಳೆಯಲ್ಲಿ ಬಿಟ್ಟು ವಿದ್ಯುತ್ ಹರಿಸಿದರೆ ದೊಡ್ಡ ಪ್ರೋಟೀನು ಮೇಲೆ ನಿಲ್ಲುತ್ತದೆ, ಸಣ್ಣದು ಕೆಳಗೆ ಓಡುತ್ತದೆ. ಆಮೇಲೆ ನೀಲಿ ಬಣ್ಣದಲ್ಲಿ ಅದ್ದಿ, ವಿನೆಗರಿನಂಥದೇ ಹುಳಿ ದ್ರಾವಣದಲ್ಲಿ ತೊಳೆದರೆ ಏಣಿಯ ಮೆಟ್ಟಿಲಿನಂತೆ ನೀಲಿ ಗೆರೆಗಳು ಉಳಿಯುತ್ತವೆ. ಒಂದೊಂದು ಗೆರೆ ಒಂದೊಂದು ಪ್ರೋಟೀನು.

ಒಂದು ದಿನ ಡಾಕ್ಟರರು ಹೇಳಿ ಕಳಿಸಿದರು. ಊರಂಚಿನ ಹಿಂಜವಾಡಿಯಲ್ಲಿ ಕಟ್ಟಡದ ಕೆಲಸ ಮಾಡುವ ಹೆಂಗಸೊಬ್ಬಳು ಬಂದಿದ್ದಾಳೆ, ಮರಾಠಿ ಅಷ್ಟಕ್ಕಷ್ಟೆ, ನೀನು ಬಂದು ಒಪ್ಪಿಗೆಯ ಕಾಗದ ಕನ್ನಡದಲ್ಲಿ ಓದಿ ಹೇಳು ಎಂದು. ಹೋದೆ. ಮೂವತ್ತೈದರ ಆಸುಪಾಸಿನ ಹೆಂಗಸು, ಯಾದಗಿರಿ ಕಡೆಯವಳು. ಬಲ ಮೊಣಕಾಲು ಬಾತು ಬುತ್ತಿಗಂಟಿನಷ್ಟಾಗಿತ್ತು. ನೋವು ಇಳಿಸಲು ಹೇಗೂ ಈ ನೀರು ತೆಗೆಯುತ್ತಾರೆ, ಅದರಲ್ಲಿ ಸ್ವಲ್ಪ ನಮ್ಮ ಅಭ್ಯಾಸಕ್ಕೆ ಕೊಡುತ್ತೀರಾ ಎಂದು ಕೇಳಿದೆ. ಎಲ್ಲರೂ ಇಲ್ಲಿ ಸುಮ್ಮನೆ ಹೆಬ್ಬೆಟ್ಟು ಒತ್ತುತ್ತಿದ್ದರು. ಆಕೆ ಒತ್ತಲಿಲ್ಲ.

“ಒಯ್ದು ಏನ್ ಮಾಡ್ತೀರಿ ಅಕ್ಕಾರ?”

ಹೇಳಿದೆ. ತಲೆ ವಾಲಿಸಿ ಪೂರ್ತಿ ಕೇಳಿದಳು.

“ಹಂಗಾರ ಅದರಾಗ ಏನದ ಅಂತ ನನಗೂ ತೋರಸಬೇಕು. ನಂದಲ್ಲೇನು ಅದು?”

ತೋರಿಸುತ್ತೇನೆ ಎಂದೆ. ಆಮೇಲೆ ಒತ್ತಿದಳು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು ನನ್ನನ್ನು ಅಕ್ಕಾರ ಎಂದು ಕರೆಯುವುದು ಮುಜುಗರವಾಗಿ ನಾನೂ ಆಕೆಯನ್ನು ಅಕ್ಕ ಎಂದೇ ಕರೆದೆ. ಒಬ್ಬರಿಗೊಬ್ಬರು ಅಕ್ಕ ಅನ್ನುವ ಈ ತಮಾಷೆಗೆ ಡಾಕ್ಟರರಿಗೂ ನಗು.

ಮುಂದಿನ ಸಲ ಬಂದಾಗ ಅಕ್ಕ ನೇರವಾಗಿ ನನ್ನ ಕೋಣೆಗೇ ಕುಂಟುತ್ತ ಬಂದಳು. ಒಣಗಿಸಿಟ್ಟ ಜೆಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ಆಕೆಯ ಸಾಲು ತೋರಿಸಿದೆ. ಬೆರಳು ತಾಗಿಸದೆ, ಮೇಲಿನಿಂದ ಕೆಳಗೆ ನಿಧಾನವಾಗಿ ನೋಡಿದಳು. ನಡುವಿನ ದಪ್ಪ ಗೆರೆ ರಕ್ತದಿಂದ ಸೋರಿ ಬಂದದ್ದು, ಎಲ್ಲರಲ್ಲೂ ಇರುತ್ತದೆ, ಕೆಳಗಿನ ಈ ಸಣ್ಣ ಗೆರೆ ಬಾತ ಕೀಲುಗಳಲ್ಲೇ ಹೆಚ್ಚು ಕಾಣುತ್ತಿದೆ, ಯಾಕೆ ಅಂತ ಹುಡುಕುತ್ತಿದ್ದೇನೆ ಎಂದೆ. ಪಕ್ಕದ ಸಾಲುಗಳು ವಯಸ್ಸಾಗಿ ಮೊಣಕಾಲು ಸವೆದವರದು, ಹೋಲಿಸಿ ನೋಡಲು ಇಟ್ಟದ್ದು ಎಂದೂ ಹೇಳಿದೆ.

“ಮತ್ತ ಚಲೋ ಮೊಣಕಾಲಿಂದು ಯಾವುದ್ರಿ?”

“ಅದು ಇಲ್ಲ ಅಕ್ಕ. ಚಲೋ ಇದ್ದವರ ಕಾಲಿಗೆ ಯಾರೂ ಸೂಜಿ ಹಾಕೂದಿಲ್ಲ.”

“ಅಂದ್ರ ನೀವು ಚಲೋದು ನೋಡೇ ಇಲ್ಲ!” ಎಂದು ಅಕ್ಕ ಗಟ್ಟಿಯಾಗಿ ನಕ್ಕಳು. “ಚಲೋ ಗ್ವಾಡಿ ನೋಡಲಾರದ ಡೊಂಕ ಗ್ವಾಡಿ ಹುಡುಕಾಕತ್ತೀರಿ.”

ನಾನೂ ನಕ್ಕೆ. ಆದರೆ ಆ ಗೋಡೆಯ ಮಾತು ಒಳಗೆ ಚುಚ್ಚಿಕೊಂಡು ಕೂತಿತು. ಎರಡು ವರ್ಷದಿಂದ ಆ ಕೆಲಸ ಮಾಡುತ್ತಿದ್ದೆ. ಆರೋಗ್ಯವಂತ ಕೀಲಿನ ನೀರು ಮೊಟ್ಟೆಯ ಲೋಳೆಯಂತೆ ಎಳೆಎಳೆಯಾಗಿರುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆನೇ ಹೊರತು ಕಣ್ಣಾರೆ ಕಂಡಿರಲಿಲ್ಲ.

ಅಕ್ಕ ಅಷ್ಟಕ್ಕೆ ಬಿಡಲಿಲ್ಲ. ತನ್ನ ಎಡಗಾಲು ಚಾಚಿ, “ಇದು ಚಲೋ ಅದ. ಇದರಾಗಿಂದು ತಗೋರಿ. ಒಂದ ಮೈಯಾಗಿನ ಎರಡು ಕಾಲು, ನೋಡಾಕ ಸಸಾರ ಆಗ್ತದ” ಎಂದಳು. ಒಳ್ಳೆಯ ಯೋಚನೆಯೇ. ಡಾಕ್ಟರರಿಗೆ ಹೇಳಿದೆ. ಅವರು ಕುರ್ಚಿಯಿಂದ ಎದ್ದೇ ಬಿಟ್ಟರು. ಸರಿ ಇರುವ ಕೀಲಿಗೆ ಸುಮ್ಮನೆ ಸೂಜಿ ಹಾಕಿ ನಂಜಾದರೆ ಏನು ಗತಿ, ಆಗದು ಎಂದರು. ಹೊರಗೆ ಕಾಯುತ್ತಿದ್ದ ಅಕ್ಕನಿಗೆ ಬಂದು ಹೇಳಿದಾಗ ಆಕೆಗೆ ನಿಜಕ್ಕೂ ಬೇಜಾರಾಯಿತು.

ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ಬರುತ್ತಿದ್ದಳು. ಮಾತ್ರೆ ಬರೆಸಿಕೊಂಡು ನನ್ನ ಹತ್ತಿರ ಬಂದು ಒಂದೊಂದು ಪ್ರಶ್ನೆ ಕೇಳುವಳು. ಮುಂಜಾನೆಯೇ ಯಾಕೆ ಬಿಗಿತ ಹೆಚ್ಚು? ಮುಟ್ಟಿದರೆ ಯಾಕೆ ಬಿಸಿ? ನನಗೆ ಗೊತ್ತಿದ್ದದ್ದು ಹೇಳುತ್ತಿದ್ದೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನುತ್ತಿದ್ದೆ. ಹೋಗಿ ಓದಿಕೊಂಡು ಬಂದು ಹೇಳಿದ್ದೂ ಇದೆ. ಒಂದು ದಿನ ಮಾತ್ರ ತನ್ನ ಮನೆಯ ಮಾತು ತೆಗೆದಳು. ಮಗಳನ್ನು ಊರಿನ ಹಾಸ್ಟೆಲ್ಲಿನಲ್ಲಿ ಇಟ್ಟು ಓದಿಸಬೇಕೆಂಬ ಹಟಕ್ಕೆ ಅಕ್ಕ ಸ್ಲ್ಯಾಬಿನ ಕೆಲಸಕ್ಕೆ ಇಳಿದಿದ್ದಳು. ಕಾಂಕ್ರೀಟು ತುಂಬಿದ ಬುಟ್ಟಿ ಹೊತ್ತು ಮಾಳಿಗೆ ಹತ್ತುವುದು. ಅದಕ್ಕೆ ಪಗಾರ ಹೆಚ್ಚು. ಗಂಡ ಬೇಡವೆಂದಿದ್ದ. ಕಾಲು ಬಾತಮೇಲೆ ದಿನಾ ಒಂದೇ ಮಾತಂತೆ: ನನ್ನ ಮಾತು ಕೇಳಲಿಲ್ಲ, ಕೈಯಾರೆ ಕಾಲು ಕಳಕೊಂಡಿ.

“ಖರೇನ ಅಕ್ಕಾರ? ನಾನ ಮಾಡಿಕೊಂಡೆನೇನು ಇದನ್ನ?”

ಭಾರ ಹೊತ್ತು ಬರುವ ರೋಗವಲ್ಲ ಇದು ಎಂದು ಡಾಕ್ಟರರು ಆಗಲೇ ಹೇಳಿದ್ದರು. ಆಕೆ ನಂಬಿರಲಿಲ್ಲ. ಸಮಾಧಾನಕ್ಕೆ ಹೇಳುತ್ತಾರೆ ಅಂದುಕೊಂಡಿದ್ದಳು.

ಮಳೆಗಾಲ ಕಳೆದಮೇಲೆ ಒಂದು ಬೆಳಿಗ್ಗೆ ಗೋಡೆ ಹಿಡಿದುಕೊಂಡು ಬಂದಳು. ಎಡ ಮೊಣಕಾಲೂ ಬಾತಿತ್ತು. ಮುಖದಲ್ಲಿ ನೋವು, ಆದರೆ ದನಿಯಲ್ಲಿ ಎಂಥದೋ ಗೆದ್ದ ಭಾವ. “ಬಂತು ನೋಡ್ರಿ ಇದಕೂ. ಈಗರೆ ತಗೋತೀರಿಲ್ಲೋ?” ಇವತ್ತಿಗೂ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆ ಕ್ಷಣ ನನಗೆ ಮೊದಲು ಬಂದದ್ದು ಸಂತೋಷ. ಎರಡೂ ಕಾಲಿನದು ಸಿಕ್ಕಿತಲ್ಲ ಎಂದು... ಆಕೆ ಬೆಂಚಿನ ಮೇಲೆ ಕೂರಲು ಎರಡೂ ಕೈ ಊರಿದ್ದು ಕಂಡಮೇಲೆ ಅದು ಇಳಿದುಹೋಯಿತು.

ಡಾಕ್ಟರರು ನೀರು ತೆಗೆದರು. ಸೂಜಿಯಿಂದ ಅದು ಪಟಪಟ ನೀರಿನಂತೆಯೇ ಬಿತ್ತು, ಎಳೆ ಬರಲಿಲ್ಲ. ಎರಡು ದಿನ ಬಿಟ್ಟು ಬಲಗಾಲಿನದು, ಎಡಗಾಲಿನದು, ಹೊರೆ ಹೊತ್ತು ಕಾಲು ಸವೆದ ಮುದುಕರೊಬ್ಬರದು, ಮೂರನ್ನೂ ಅಕ್ಕಪಕ್ಕ ಓಡಿಸಿದೆ. ಅಕ್ಕನ ಎರಡೂ ಸಾಲಿನ ಕೆಳಗೆ ಆ ಸಣ್ಣ ಗೆರೆ ಕಡುನೀಲಿಯಾಗಿ ನಿಂತಿತ್ತು. ಮುದುಕರ ಸಾಲಿನಲ್ಲಿ ಕಂಡೂ ಕಾಣದಷ್ಟು. ಒಂದು ಜೆಲ್ಲಿನಿಂದ ಏನೂ ಸಾಬೀತಾಗುವುದಿಲ್ಲ, ನನಗೆ ಗೊತ್ತಿತ್ತು. ತೋರಿಸಬಹುದೇ ಎಂದು ಡಾಕ್ಟರರನ್ನು ಕೇಳಿದೆ. “ನಾನು ಹತ್ತು ಸಲ ಬಾಯಲ್ಲಿ ಹೇಳಿದ್ದನ್ನೇ ನೀನು ತೋರಿಸಿ ಹೇಳು” ಎಂದರು.

ಅಕ್ಕ ಬಂದಾಗ ಗಂಡನೂ ಜೊತೆಗಿದ್ದ. ಇಬ್ಬರಿಗೂ ಕಿಟಕಿಯ ಹತ್ತಿರ ಹಿಡಿದು ತೋರಿಸಿದೆ. “ಅಣ್ಣಾರ, ಇದು ಭಾರ ಹೊತ್ತು ಸವೆದ ಕಾಲು. ಇವೆರಡು ಅಕ್ಕಂದು. ಇವೆರಡರಾಗ ಇರೂ ಈ ಗೆರಿ ಅದರಾಗ ಎಷ್ಟ ಕಡಿಮಿ ಅದ ನೋಡ್ರಿ. ಇದು ಮೈಯೊಳಗಿಂದ ಎದ್ದ ಬ್ಯಾನಿ. ಬುಟ್ಟಿ ಹೊರದಿದ್ದರೂ ಬರ್ತಿತ್ತು.”

ಅವನು ಬಗ್ಗಿ ನೋಡಿದ. ಮತ್ತೊಮ್ಮೆ ನೋಡಿದ. ಅಕ್ಕ ಮೆಲ್ಲಗೆ, “ಹಂಗಾರ ನಾ ಮಾಡಿಕೊಂಡದ್ದಲ್ಲ” ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. ಹೊರಡುವಾಗ ಗಂಡ ಆಕೆಯ ಕೈಚೀಲ ತಾನು ತೆಗೆದುಕೊಂಡು, ಇನ್ನೊಂದು ಕೈ ಆಕೆಗೆ ಊರಲು ಕೊಟ್ಟ. ಗೇಟಿನವರೆಗೂ ಆಕೆಯ ನಡಿಗೆಗೆ ತಕ್ಕಂತೆ ನಿಧಾನ ನಡೆದ.

ಅಲ್ಲಿಂದ ಒಂದೆರಡು ಸಲ ಬಂದಿರಬೇಕು, ಆಮೇಲೆ ಬರುವುದು ನಿಂತಿತು. ಅವರ ಗುಂಪು ಪುಣೆಯಿಂದ ದೂರದ ಕುರಕುಂಭದಲ್ಲಿ ಒಂದು ಕಾರ್ಖಾನೆ ಕಟ್ಟುವ ಕೆಲಸಕ್ಕೆ ಹೋಯಿತೆಂದು ಹಿಂಜವಾಡಿಯಲ್ಲಿ ಆಳುಗಳ ಮೇಲ್ವಿಚಾರಕನಾದ ಮುಕಾದಮ ಹೇಳಿದ. ಅಷ್ಟರಲ್ಲಿ ಅಪಘಾತದಲ್ಲಿ ಪಾದ ಜಜ್ಜಿಹೋಗಿ ಕಾಲನ್ನೇ ತೆಗೆಯಬೇಕಾಗಿ ಬಂದ ಯುವಕನೊಬ್ಬ, ಕೇಳಿದಾಗ ಒಪ್ಪಿ, ಪೆಟ್ಟಾಗದೆ ಚಲೋ ಇದ್ದ ಆ ಕಾಲಿನ ಮೊಣಕಾಲಿನಿಂದ ಕೆಲವೇ ಹನಿ ನೀರು ಕೊಟ್ಟಿದ್ದ. ಒಂದು ರವಿವಾರ ಡಾಕ್ಟರರಿಂದ ಅಕ್ಕನ ಮಾತ್ರೆ ತೆಗೆದುಕೊಂಡು ಕುರಕುಂಭದ ಬಸ್ಸು ಹತ್ತಿದೆ.

ತಗಡಿನ ಶೆಡ್ಡಿನ ಮುಂದೆ ಅಕ್ಕ ಗುಂಪಿಗೆಲ್ಲ ಅಡುಗೆ ಮಾಡುತ್ತ ಕೂತಿದ್ದಳು. ಬೆರಳುಗಳು ಬಾಗತೊಡಗಿದ್ದವು. ಪುಣೆಗೆ ಬಂದು ಹೋದರೆ ಒಂದು ದಿನದ ಕೆಲಸ ಹೋಗುತ್ತದೆ, ಹಾಗಾಗಿ ಬಿಟ್ಟೆ ಎಂದಳು. ಬೈದೆ. ಬೈಸಿಕೊಂಡು, ನನ್ನನ್ನು ಕಲ್ಲಿನ ಮೇಲೆ ಕೂರಿಸಿ, ಆಕೆ ಕೇಳಿದ್ದು ಒಂದೇ.

“ಚಲೋದು ಸಿಕ್ತೇನ್ ತಂಗಿ?”

ಅಕ್ಕಾರ ಹೋಗಿ ತಂಗಿಯಾಗಿದ್ದೆ. “ಸಿಕ್ತು ಅಕ್ಕ” ಎಂದು ಹೆಬ್ಬೆರಳು ತೋರುಬೆರಳು ಕೂಡಿಸಿ, ನಿಧಾನ ಅಗಲಿಸಿ ತೋರಿಸಿದೆ. “ಇಷ್ಟುದ್ದ ಎಳಿ ಬಂತು. ಕಡೀಲೇ ಇಲ್ಲ.” ಆಕೆ ಬಾಗಿದ ತನ್ನ ಬೆರಳುಗಳಿಂದ ಹಾಗೇ ಮಾಡಿ ನೋಡಿದಳು. “ತತ್ತಿ ಲೋಳಿ ಇದ್ದಂಗ” ಎಂದಳು. “ಹಂಗ ಇರ್ತದ ನೋಡು ದೇವರು ಕೊಟ್ಟಿದ್ದು.”

ಎರಡು ತಿಂಗಳ ಮಾತ್ರೆ ಕೊಟ್ಟು, ರಕ್ತ ಪರೀಕ್ಷೆಗೆ ಬರಲೇಬೇಕೆಂದು ಆಣೆ ಮಾಡಿಸಿಕೊಂಡು ಬಂದೆ. ಬರಲಿಲ್ಲ. ನಾನೇ ಮತ್ತೆ ಹೋದಾಗ ಶೆಡ್ಡುಗಳು ಇರಲಿಲ್ಲ. ಗೋವಾಕ್ಕೆ ಹೋದರು ಎಂದ ಒಬ್ಬ, ಊರಿಗೆ ಎಂದ ಇನ್ನೊಬ್ಬ... ಆಕೆಯ ಊರಿನ ಹೆಸರು ಆಸ್ಪತ್ರೆಯ ಪುಸ್ತಕದಲ್ಲಿ ಬರೆದಂತೆ ಹುಡುಕಿದೆ. ಆ ಹೆಸರಿನ ಮೂರು ಹಳ್ಳಿಗಳಿದ್ದವು. ಮೂರಕ್ಕೂ ಕಾಗದ ಬರೆದೆ. ಉತ್ತರ ಬರಲಿಲ್ಲ.

ಈಗ ಈ ರೋಗಕ್ಕೆ ಎಷ್ಟೋ ಹೊಸ ಔಷಧಗಳಿವೆ. ನಾನು ಬೆನ್ನು ಹತ್ತಿದ್ದ ಆ ಸಣ್ಣ ಗೆರೆಯನ್ನು ಬೇರೆಲ್ಲೋ ಬೇರೆಯವರು ನನಗಿಂತ ಮೊದಲೇ ಗುರುತಿಸಿದ್ದರು, ಅದಕ್ಕೆ ಹೆಸರೂ ಇತ್ತು. ಬೇಸರವೇನಿಲ್ಲ. ಉಳ್ಳಾಗಡ್ಡಿ ಮುಚ್ಚಿಟ್ಟು ಮೊನ್ನೆ ಸಂಜೆ ನನ್ನ ಪ್ರಬಂಧವನ್ನು ಕಪಾಟಿನಿಂದ ತೆಗೆದೆ. ಕೃತಜ್ಞತೆಯ ಪುಟದಲ್ಲಿ ಗುರುಗಳಿದ್ದಾರೆ, ಅಪ್ಪ ಅಮ್ಮ ಇದ್ದಾರೆ, ಟೈಪು ಮಾಡಿದವರೂ ಇದ್ದಾರೆ. ರೋಗಿಗಳ ಹೆಸರು ಬರೆಯುವಂತಿರಲಿಲ್ಲ, ಸರಿಯೇ. ಕೊನೆಯ ಕೋಷ್ಟಕದಲ್ಲಿ ಒಂದು ಸಾಲು ಸಿಕ್ಕಿತು: ಹೆಣ್ಣು, ಸುಮಾರು ಮೂವತ್ತೈದು, ಕೂಲಿ, ಎರಡೂ ಮೊಣಕಾಲು. ಅದರ ಮೇಲೆ ಬೆರಳಿಟ್ಟೆ. ಅಷ್ಟೊಂದು ಪ್ರಶ್ನೆ ಕೇಳಿದವಳು, ಇಷ್ಟೇ ಜಾಗದಲ್ಲಿ...