ಬೀರಪ್ಪನಿಗೆ ಸಂದ ಅಣ್ಣ

ಮಕ್ತಲದಿಂದ ಕೃಷ್ಣಾ ಹೊಳೆಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಮನೆತನದ ಕಸುಬು ಕುರಿ. ಅಪ್ಪ, ಅವ್ವ, ಅಣ್ಣ, ನಾನು ಅರ್ಧ ವರ್ಷ ಊರಿನಲ್ಲಿದ್ದರೆ ಅರ್ಧ ವರ್ಷ ಬಯಲಿನಲ್ಲಿ ಇರುತ್ತಿದ್ದೆವು. ಸುಗ್ಗಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ಹೊಳೆ ದಾಟಿ ಮಾನೋಪಾಡು, ಅಲಂಪುರದ ಕಡೆ ಇಳಿಯುವುದು ರೂಢಿ. ಅಲ್ಲಿನ ರೈತರು ಹೊಲದಲ್ಲಿ ಕುರಿ ಕೂಡಿಸಿಕೊಂಡು, ಗೊಬ್ಬರಕ್ಕೆ ಬದಲಾಗಿ ಜೋಳ ಕೊಡುತ್ತಿದ್ದರು. ನನಗೆ ಶಾಲೆಯ ವಯಸ್ಸಾದಾಗ ಅವ್ವ ನನ್ನನ್ನು ಅಜ್ಜಿಯ ಹತ್ತಿರ ಊರಲ್ಲೇ ಬಿಟ್ಟಳು. ಊರಿನ ಕನ್ನಡ ಶಾಲೆಯಲ್ಲಿ ನಾನು ಅಕ್ಷರ ಕಲಿತೆ. ಅಣ್ಣ ಕುರಿಯ ಹಿಂದೆ ಹೋದ. ಅಣ್ಣನ ದಾರಿ ಕಾಯುವುದು ನನಗೆ ಆಗಿನಿಂದಲೇ ರೂಢಿಯಾಯಿತು.

ಮುಂಗಾರಿಗೆ ಮೊದಲು ಅವರು ತಿರುಗಿ ಬರುತ್ತಿದ್ದರು. ಬಂದ ದಿನ ಅಣ್ಣ ಅಂಗಳದಲ್ಲಿ ಕೂತು ನನ್ನನ್ನು ನಗಿಸುತ್ತಿದ್ದ. ಅಲಂಪುರದ ಅಂಗಡಿಯವನು ತೆಲುಗಿನಲ್ಲಿ ಚೌಕಾಸಿ ಮಾಡುವ ರೀತಿ, ಹೊಲದ ಒಡೆಯ ಕುರಿ ಎಣಿಸುವಾಗ ಲೆಕ್ಕ ತಪ್ಪಿ ಮೊದಲಿನಿಂದ ಶುರು ಮಾಡುವ ರೀತಿ, ನಮ್ಮ ನಾಯಿ ಬೇರೆಯವರ ನಾಯಿಯನ್ನು ಕಂಡು ದೊಡ್ಡಸ್ತಿಕೆ ತೋರಿಸುವ ರೀತಿ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದ. ಅಪ್ಪ ಗಂಭೀರ ಮನುಷ್ಯ. ಅಂಥ ಅಪ್ಪನೂ ಬಾಯಿಗೆ ರುಮಾಲು ಒತ್ತಿಕೊಂಡು ಎದ್ದು ಹೋಗುತ್ತಿದ್ದ. ನಮ್ಮ ಕೇರಿಯಲ್ಲಿ ಯಾರನ್ನಾದರೂ ಕರೆದು, ಇವನು ಮುಂದೆ ದೇವರ ಪೂಜಾರಿ ಆಗುತ್ತಾನೆ ಎಂದಿದ್ದರೆ ಅವರೂ ನಗುತ್ತಿದ್ದರು.

ಊರ ಹೊರಗಿನ ಗುಡ್ಡದ ಮೇಲೆ ನಮ್ಮ ಮನೆತನದ ಬೀರಪ್ಪನ ಗುಡಿ ಇದೆ. ಚಿಕ್ಕ ಗುಡಿ, ಮುಂದೆ ಒಂದು ಬೇವಿನ ಮರ, ಪಕ್ಕದಲ್ಲಿ ಪೂಜಾರಿ ಇರುವ ಕೋಣೆ. ಆ ಗುಡಿಯ ಕಟ್ಟಳೆ ಕಠಿಣ. ಪೂಜಾರಿಯಾದವನು ಮದುವೆಯಾಗುವಂತಿಲ್ಲ. ಬೇರೆಯವರು ಬೇಯಿಸಿದ್ದನ್ನು ಉಣ್ಣುವಂತಿಲ್ಲ, ಸಂಸಾರಸ್ಥರ ಮನೆಯ ಹೊಸ್ತಿಲು ತುಳಿಯುವಂತಿಲ್ಲ, ಹೊಳೆ ದಾಟುವಂತಿಲ್ಲ, ಹೆತ್ತವರು ಸತ್ತರೂ ಹೆಣದ ಹತ್ತಿರ ಹೋಗುವಂತಿಲ್ಲ. ನಮ್ಮ ಅಜ್ಜನ ತಮ್ಮ ಹರೆಯದಿಂದಲೂ ಅಲ್ಲಿಯೇ ಇದ್ದರು. ನಾವು ಅವರನ್ನು ಸಣ್ಣಜ್ಜ ಅನ್ನುತ್ತಿದ್ದೆವು. ಅವರ ಕಣ್ಣು ಮಂಜಾದ ವರ್ಷ ನೀರು ಹೊತ್ತುಕೊಡಲು, ಕಸ ಹೊಡೆಯಲು ಒಬ್ಬರು ಬೇಕಾಯಿತು. ಅಪ್ಪ ಅಣ್ಣನನ್ನು ಕಳಿಸಿದ.

ಆ ಹೊತ್ತಿಗೆ ಅಣ್ಣನಿಗೆ ಹೆಣ್ಣು ನಿಶ್ಚಯವಾಗಿತ್ತು. ಧನ್ವಾಡದ ಕಡೆಯ ಹುಡುಗಿ, ಅವನೇ ನೋಡಿ ಒಪ್ಪಿದವಳು. ಮಳೆಗಾಲ ಕಳೆದ ಮೇಲೆ ಮದುವೆ ಎಂದು ಮಾತಾಗಿತ್ತು. ಅವ್ವ ಆಗಲೇ ಹೊಸ ಕಂಬಳಿ ನೇಯಿಸಲು ಉಣ್ಣೆ ತೆಗೆದಿಟ್ಟಿದ್ದಳು.

ಸಣ್ಣಜ್ಜ ಆ ಮಳೆಗಾಲ ದಾಟಲಿಲ್ಲ. ಮಣ್ಣಾದ ಮೇಲೆ ಹಿರಿಯರೆಲ್ಲ ಬೇವಿನ ಮರದ ಕೆಳಗೆ ಕೂತರು. ಮುಂದೆ ಯಾರು ಎಂಬ ಪ್ರಶ್ನೆ ಎದ್ದಿತು. ಒಬ್ಬರ ಮಗ ನಾರಾಯಣಪೇಟೆಯಲ್ಲಿ ಸೀರೆ ಅಂಗಡಿಗೆ ಸೇರಿದ್ದ, ಮತ್ತೊಬ್ಬರ ಮಗ ಹೈದರಾಬಾದಿನಲ್ಲಿ ಮನೆ ಕಟ್ಟುವ ಕೆಲಸಕ್ಕೆ ಹೋಗಿದ್ದ. ಕಡೆಗೆ ದೊಡ್ಡಪ್ಪ ಹೇಳಿದರು: "ಕಾಲ ಬದಲಾಗೈತ್ರೋ. ಸೋಮವಾರಕ್ಕೊಮ್ಮಿ ಯಾರಾರ ಬಂದು ದೀಪ ಹಚ್ಚಿ ಹೋದ್ರ ಸಾಕು. ದೇವರೇನು ಸಿಟ್ಟಾಗೂದಿಲ್ಲ." ಎಲ್ಲರೂ ತಲೆಯಾಡಿಸಿದರು. ಅದಕ್ಕೆ ಅಡ್ಡಿ ಹೇಳುವವರು ಯಾರೂ ಇರಲಿಲ್ಲ.

ಹಿಂದೆ ನಿಂತಿದ್ದ ಅಣ್ಣ ಮುಂದೆ ಬಂದು, "ನಾ ಇರತೀನ್ರಿ," ಎಂದ.

ತಮಾಷೆ ಎಂದು ಒಂದಿಬ್ಬರು ನಕ್ಕರು. ಅಪ್ಪ ನಗಲಿಲ್ಲ.

"ನಿಶ್ಚಯ ಆಗೈತಲೇ ನಿಂದು. ಹುಚ್ಚು ಹಿಡದೈತೇನು?"

"ಗೊತ್ತೈತಿ ಅಪ್ಪ. ಆ ಹುಡುಗಿ ಮನಿಗೆ ನಾನೇ ಹೋಗಿ ಹೇಳತೀನಿ. ನೀ ಯಾರ ಮುಂದೂ ತಲಿ ತಗ್ಗಿಸಬ್ಯಾಡ."

ಅವನು ನನ್ನನ್ನು ಜೊತೆಗೆ ಕರೆದುಕೊಂಡು ಧನ್ವಾಡಕ್ಕೆ ಹೋದ. ಹುಡುಗಿಯ ಅಪ್ಪ ನಮಗೆ ಕೂರಲೂ ಹೇಳಲಿಲ್ಲ. ಅಣ್ಣ ನಿಂತೇ ಎಲ್ಲವನ್ನೂ ಹೇಳಿ ಅವರ ಕಾಲು ಮುಟ್ಟಿದ. ಅವರು ಬೈದರು. ಬೈಯುವುದಕ್ಕೆ ಅವರಿಗೆ ಹಕ್ಕಿತ್ತು. ಅಣ್ಣ ಕೇಳಿಸಿಕೊಂಡು ನಿಂತ. ಆಗ ಒಳಗಿದ್ದ ಹುಡುಗಿ ತಾನೇ ಬಾಗಿಲಿಗೆ ಬಂದಳು. ಅಪ್ಪನ ಮುಂದೆ ಅಷ್ಟು ಧೈರ್ಯವಾಗಿ ಮಾತಾಡುವ ಹುಡುಗಿಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ದೇವರು ನಿಮ್ಮನ್ನ ಕರದನೇನ್ರಿ? ಕನಸಿನ್ಯಾಗ ಬಂದಿದ್ನೇನು?"

"ಇಲ್ಲ. ಕರದಿಲ್ಲ. ನಾನೇ ಹೊಂಟೀನಿ."

"ಕರದಿದ್ರ ಆ ದೇವರಿಗೇ ಬೈತಿದ್ದೆ. ಈಗ ಯಾರಿಗೆ ಬೈಲಿ?" ಎಂದು ಒಳಗೆ ಹೋದಳು. ಮುಂದೆ ಅವಳಿಗೆ ಒಳ್ಳೆಯ ಕಡೆ ಮದುವೆಯಾಯಿತು, ಮಕ್ಕಳಾದವು ಎಂದು ಕೇಳಿದೆ. ಅವಳು ನಮ್ಮ ಮನೆಗೆ ಅತ್ತಿಗೆಯಾಗಿ ಬಂದಿದ್ದರೆ ಹೇಗಿರುತ್ತಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅಣ್ಣನ ಎದುರು ಮಾತ್ರ ಆ ವಿಷಯ ಎತ್ತಿಲ್ಲ.

ತಿರುಗಿ ಬರುವಾಗ ಮಕ್ತಲದ ಬಸ್ಸಿನಲ್ಲಿ ನಾನು ಅಳುತ್ತಲೇ ಕೇಳಿದೆ, "ಯಾಕಣ್ಣ? ನಿನಗೇನು ಕಡಿಮಿ ಆಗೈತಿ?"

ಅವನು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದ. "ಕಡಿಮಿ ಏನೂ ಇಲ್ಲವ್ವ ತಂಗಿ. ಸಣ್ಣಜ್ಜನ ಜೋಡಿ ಇದ್ದಾಗ ಮುಂಜಾನೆ ಎದ್ದು ನೀರು ತಂದು ದೇವರಿಗೆ ಎರೀತಿದ್ದೆ. ಒಂದು ಹೂ ಇಡತಿದ್ದೆ. ಅಷ್ಟಽ. ಆ ಹೊತ್ತಿನ್ಯಾಗ ನಾ ಎಲ್ಲಿರಬೇಕೋ ಅಲ್ಲೇ ಅದೀನಿ ಅನಸತಿತ್ತು. ಕುರಿ ಕಾಯುವಾಗ ಹಂಗ ಅನಸಿಲ್ಲ. ಆ ಹುಡುಗಿನ್ನ ನೋಡಿದಾಗ ಖುಷಿ ಆಗಿತ್ತು, ಖರೆ. ಆದ್ರ ಇದು ಅನಸಲಿಲ್ಲ."

"ಸೋಮವಾರಕ್ಕೊಮ್ಮಿ ಹೋಗಿ ದೀಪ ಹಚ್ಚು. ದೊಡ್ಡಪ್ಪ ಹೇಳಿದಂಗ."

"ಸೋಮವಾರಕ್ಕೊಮ್ಮಿ ಹೋದ್ರ ನಾ ದೇವರ ಮನಿಗೆ ಬೀಗನಾಗತೀನಿ," ಎಂದು ನಕ್ಕ. "ಮನಿ ಮಗ ಆಗೂದಿಲ್ಲ."

ಅವನು ಗುಡ್ಡ ಹತ್ತಿದ ದಿನ ಡೊಳ್ಳು ಬಾರಿಸುತ್ತ ಮನೆಯ ಮುಂದೆ ಜನ ಸೇರಿದ್ದರು. ಒಳಗೆ ಅವ್ವ ಅವನಿಗೆ ಕಡೆಯ ಊಟ ಬಡಿಸಿದಳು. ರೊಟ್ಟಿ, ಬದನೆಕಾಯಿ, ಕೆನೆ ಮೊಸರು. ಅವನು ಎಂದಿನಂತೆ ಗಬಗಬ ಉಣ್ಣಲಿಲ್ಲ. ತುತ್ತು ತುತ್ತಿಗೆ ನಿಲ್ಲಿಸಿ ಅವ್ವನ ಕಡೆ ನೋಡಿದ. ಆಮೇಲೆ ಹಿರಿಯರು ಅವನ ಹೆಗಲಿಗೆ ಕರಿ ಕಂಬಳಿ ಹೊದಿಸಿದರು, ಹಣೆಗೆ ಭಂಡಾರದ ಹಳದಿ ಹಚ್ಚಿದರು. ಹೊಸ್ತಿಲು ದಾಟಿ ಹೋದವನು ಒಮ್ಮೆ ತಿರುಗಿ ನಿಂತ. ಅದುವರೆಗೆ ಅವನನ್ನು ಲೇ, ಮಗನೇ ಎಂದೇ ಕರೆದಿದ್ದ ಅವ್ವ ಕೈ ಜೋಡಿಸಿ, "ಹೋಗಿ ಬರ್ರಿ," ಎಂದಳು. ಆ ಒಂದು 'ರಿ' ಕೇಳಿ ಅಣ್ಣನ ಮುಖ ಸಣ್ಣದಾಯಿತು. ಅವನು ಅತ್ತದ್ದನ್ನು ನಾನು ನೋಡಿದ್ದು ಅವತ್ತು ಒಂದೇ ದಿನ.

ಎರಡು ವರ್ಷದ ಮೇಲೆ ನನ್ನನ್ನು ಗದ್ವಾಲಿಗೆ ಕೊಟ್ಟರು. ನನ್ನ ಗಂಡ ಬಸ್ ನಿಲ್ದಾಣದ ಹತ್ತಿರ ಚಹಾದ ಹೋಟೆಲ್ ನಡೆಸುತ್ತಾರೆ. ನಾನು ಅಂಗನವಾಡಿಯಲ್ಲಿ ಕೆಲಸ ಮಾಡುತ್ತೇನೆ. ದಿನವಿಡೀ ತೆಲುಗು ಮಾತಾಡುತ್ತೇನೆ, ಮಕ್ಕಳೂ ತೆಲುಗಿನಲ್ಲೇ ಓದಿದರು. ಬರೆಯಲು ಕೂತರೆ ಮಾತ್ರ ಕೈಗೆ ಕನ್ನಡವೇ ಬರುತ್ತದೆ.

ಗದ್ವಾಲಿನಲ್ಲಿ ನನಗೆ ಯಾವುದಕ್ಕೂ ಕೊರತೆಯಿಲ್ಲ. ಆದರೆ ಪಂಚಮಿ ಹಬ್ಬ ಬಂದರೆ ಎದೆ ಭಾರವಾಗುತ್ತದೆ. ನಮ್ಮ ಕಡೆ ಪಂಚಮಿಗೆ ಅಣ್ಣತಮ್ಮಂದಿರು ಬಂದು ಹೆಣ್ಣುಮಕ್ಕಳನ್ನು ತವರಿಗೆ ಕರೆದುಕೊಂಡು ಹೋಗುತ್ತಾರೆ. ನಮ್ಮ ಓಣಿಯಲ್ಲಿ ನಮ್ಮ ಕಡೆಯಿಂದ ಬಂದ ಹೆಂಗಸರು ಇನ್ನೂ ಇಬ್ಬರಿದ್ದಾರೆ. ಅವರ ತಮ್ಮಂದಿರು ಮೋಟಾರು ಸೈಕಲ್ಲಿನಲ್ಲಿ ಬಂದು ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಾರೆ. ಆ ಸದ್ದಿಗೆ ನಾನೂ ಒಂದು ಗಳಿಗೆ ಕಿವಿಗೊಡುತ್ತೇನೆ. ನಮ್ಮ ಅಣ್ಣ ಬರುವುದಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದೂ ಕಿವಿ ಮಾತು ಕೇಳುವುದಿಲ್ಲ.

ಆಮೇಲೆ ನಾನೇ ಹೊರಡುತ್ತೇನೆ. ಜುರಾಲಾ ಅಣೆಕಟ್ಟಿನ ಮೇಲೆ ಹೊಳೆ ದಾಟಿ, ಆತ್ಮಕೂರಿನ ಮೇಲಿಂದ ಮಕ್ತಲಕ್ಕೆ ಬಂದು, ಅಲ್ಲಿಂದ ಆಟೋ ಹಿಡಿದು ಗುಡ್ಡದ ಬುಡಕ್ಕೆ ಹೋಗುತ್ತೇನೆ. ಮಾಡಿದ ಉಂಡೆ ಒಯ್ಯುವಂತಿಲ್ಲ, ಹಾಗಾಗಿ ಜೋಳದ ಹಿಟ್ಟು, ಹಸಿ ಶೇಂಗಾ, ಬೆಲ್ಲ ಒಯ್ಯುತ್ತೇನೆ. ಅವನ ಕೋಣೆಯ ಒಳಗೆ ನಾನು ಹೋಗುವಂತಿಲ್ಲ. ಹೊರಗೆ ಕೂತು ಅವನು ರೊಟ್ಟಿ ಬಡಿಯುವುದನ್ನು ನೋಡುತ್ತೇನೆ. ಇಷ್ಟು ವರ್ಷವಾದರೂ ಅವನ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಸೀದಿರುತ್ತದೆ.

"ನೀರು ಜಾಸ್ತಿ ಆತು," ಎನ್ನುತ್ತೇನೆ ಹೊರಗಿನಿಂದ.

"ದೇವರೇ ಇಲ್ಲೀತನ ತಕರಾರು ಮಾಡಿಲ್ಲ, ನಿಂದೇನಽ?" ಎನ್ನುತ್ತಾನೆ ಒಳಗಿನಿಂದ.

ಜನರಿದ್ದರೆ ನಾನೂ ಅವನನ್ನು 'ಪೂಜಾರಪ್ಪ' ಎಂದು, ರೀ ಹಚ್ಚಿ ಮಾತಾಡಿಸಬೇಕು. ಜನ ಇಳಿದು ಹೋಗುವುದನ್ನೇ ಕಾಯುತ್ತಿದ್ದು, ಆಮೇಲೆ ಅಣ್ಣ ಅನ್ನುತ್ತೇನೆ. ಹೊಲ ಮಾರಿದವರು, ಮಕ್ಕಳಿಲ್ಲದವರು, ಕುರಿಗೆ ರೋಗ ಬಂದವರು, ಎಲ್ಲರೂ ಅವನ ಹತ್ತಿರ ಬಂದು ಕೂರುತ್ತಾರೆ. ಅವನು ಹೆಚ್ಚು ಮಾತಾಡುವುದಿಲ್ಲ. ಒಂದು ಸಲ ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಮಧ್ಯಾಹ್ನದವರೆಗೂ ಸುಮ್ಮನೆ ಮರದ ಕೆಳಗೆ ಕೂತಿದ್ದಳು. ಅಣ್ಣನೂ ಅಷ್ಟು ಹೊತ್ತು ಬೇರೆ ಕೆಲಸ ಹಚ್ಚಿಕೊಳ್ಳದೆ ಅವಳ ಎದುರಿಗೆ ಕೂತಿದ್ದ. ಅವಳು ಎದ್ದು ಹೋಗುವಾಗ ನೆಟ್ಟಗೆ ನಡೆದಳು. ಅಷ್ಟು ತಾಳ್ಮೆ ಆ ತುಂಟ ಹುಡುಗನಲ್ಲಿ ಎಲ್ಲಿತ್ತೋ!

ಅಪ್ಪ ತೀರಿಕೊಂಡಾಗ ದೊಡ್ಡಪ್ಪನ ಮಗ ಮುಂದೆ ನಿಂತು ಮಣ್ಣು ಮಾಡಿದ. ಅಪ್ಪನನ್ನು ಗುಡ್ಡದ ಕೆಳಗಿನ ದಾರಿಯಲ್ಲೇ ಒಯ್ದರು. ಮೇಲೆ ಬಂಡೆಯ ಮೇಲೆ ಕಂಬಳಿ ಹೊದ್ದು ನಿಂತ ಅಣ್ಣ ಕಾಣುತ್ತಿದ್ದ. ಎಲ್ಲ ಮುಗಿಸಿ ನಾವು ತಿರುಗಿ ಬರುವಾಗಲೂ ಅಲ್ಲೇ ನಿಂತಿದ್ದ. ನಾನು ಅವ್ವನ ಕೈ ಹಿಡಿದುಕೊಂಡು ಹೋಗಬೇಕಿತ್ತು, ಅವನ ಹತ್ತಿರ ಹತ್ತಿಹೋಗಲು ಆಗಲಿಲ್ಲ. ಮುಂದಿನ ವರ್ಷ ಅವ್ವನೂ ಹೋದಳು.

ಹೋದ ವರ್ಷ ನನ್ನ ಮಗಳ ಮದುವೆ ಕೂಡಿಬಂತು. ಅವಳು ಕರ್ನೂಲಿನ ಆಸ್ಪತ್ರೆಯಲ್ಲಿ ನರ್ಸು. ನಮ್ಮಲ್ಲಿ ಮದುವಣಗಿತ್ತಿಗೆ ಸೋದರಮಾವನೇ ಸೀರೆ ಹೊದಿಸಿ, ಕಂಬಳಿಯ ಗದ್ದುಗೆಯ ಮೇಲೆ ಕೂರಿಸಬೇಕು. ದೊಡ್ಡಪ್ಪನ ಮಗನನ್ನು ನಿಲ್ಲಿಸಿದರಾಯಿತು ಎಂದು ಎಲ್ಲರೂ ಹೇಳಿದರು. ನಾನೂ ಆಗಲಿ ಎಂದೆ. ಆದರೆ ಸೀರೆ ಮಡಚುವಾಗ ಕೈ ನಿಂತುಬಿಟ್ಟಿತು. ಪಕ್ಕದ ಮನೆಯ ನೇಕಾರರು ನನ್ನ ಮಗಳಿಗೆಂದೇ ನೇಯ್ದುಕೊಟ್ಟ ಜರಿ ಅಂಚಿನ ಗದ್ವಾಲ್ ಸೀರೆ ಅದು. ಮಗಳು ನನ್ನನ್ನು ನೋಡಿದಳು.

"ಮಾಮ ರಾಕಪೋತೆ ಮನಮೇ ಪೋದಾಂ," ಎಂದಳು ತೆಲುಗಿನಲ್ಲಿ. ಮಾವ ಬರಲಾಗದಿದ್ದರೆ ನಾವೇ ಹೋಗೋಣ ಎಂಬ ಅಷ್ಟು ಸರಳವಾದ ಮಾತು ನನಗೆ ಹೊಳೆದಿರಲಿಲ್ಲ.

ಮದುವೆಗೆ ಮೊದಲಿನ ವಾರ ಇಬ್ಬರೂ ಹೋದೆವು. ಅಣ್ಣ ಬೇವಿನ ಕೆಳಗೆ ಕಸ ಹೊಡೆದು ತನ್ನ ಕಂಬಳಿಯನ್ನೇ ಹಾಸಿದ. ಮಗಳನ್ನು ಕೈ ಹಿಡಿದು ಕೂರಿಸಿದ. ಸೀರೆಯನ್ನು ಅವಳ ತಲೆಯ ಮೇಲಿಂದ ಹೊದಿಸುವಾಗ ಎರಡು ಸಲ ಜಾರಿತು. "ಕುರಿ ಮೈಮ್ಯಾಲಿನ ಉಣ್ಣೆ ಆಗಿದ್ರ ಹಿಡಿತಿದ್ದೆ. ಇದು ಪ್ಯಾಟಿ ಮಾಲು, ನಿಲ್ಲವಲ್ದು," ಎಂದ. ಮಗಳು ಜೋರಾಗಿ ನಕ್ಕಳು. ಹಣೆಗೆ ಭಂಡಾರ ಹಚ್ಚಿ ತಲೆಯ ಮೇಲೆ ಕೈಯಿಟ್ಟವನು ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಅವಳನ್ನೇ ಕೇಳಿದ, "ನಿಮ್ಮವ್ವನ ಮನಿ ಬಾಗಲಾ ಯಾವ ದಿಕ್ಕಿಗೈತಿ? ಮುಂದ ಗಿಡ ಏನಾರ ಐತೇನು?"

ಅವಳು ಮೊಬೈಲಿನಲ್ಲಿ ಮನೆ ತೋರಿಸಿದಳು. ಅವನು ಒಂದೊಂದೇ ಚಿತ್ರ ನಿಧಾನವಾಗಿ ನೋಡಿದ. ಅಡಿಗೆಮನೆಯ ಚಿತ್ರ ಬಂದಾಗ ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡ.

ಮಗಳು ಗುಡಿಯ ಹಿಂದಿನ ಬಂಡೆಯಿಂದ ಹೊಳೆ ನೋಡಲು ಹೋದಾಗ ನಾವಿಬ್ಬರೇ ಉಳಿದೆವು. ಇಷ್ಟು ವರ್ಷ ಕೇಳದೆ ಇಟ್ಟುಕೊಂಡದ್ದನ್ನು ಅವತ್ತು ಕೇಳಿದೆ.

"ಅಣ್ಣ, ಯಾವತ್ತಾರ ತಪ್ಪು ಮಾಡಿದೆ ಅನಸೈತೇನು?"

"ಇಲ್ಲ ತಂಗಿ," ಎಂದ, ತಡವಿಲ್ಲದೆ. "ಒಂದು ದಿನಾನೂ ಅನಸಿಲ್ಲ. ಇವತ್ತು ಮತ್ತ ಕೇಳಿದ್ರೂ ನಾ ಇರತೀನ್ರಿ ಅಂತೀನಿ." ಆಮೇಲೆ ಹೇಳಿದ, "ಆದ್ರ ನಿಮ್ಮ ನೆನಪು ಹೋಗೂದಿಲ್ಲ. ಅಪ್ಪನ್ನ ಒಯ್ದ ದಿನ ಇಳದು ಬರಬೇಕು ಅನಸಿತ್ತು. ಕಾಲು ತಾವೇ ಹೊಂಟಿದ್ವು. ದೇವರ ಮುಂದ ಹೋಗಿ ಕುಂತು ಅದನ್ನಽ ಹೇಳಿದೆ. ನೆನಪು ಬಿಡು ಅಂತ ಆತ ಕೇಳಿಲ್ಲ. ನಾನೂ ಬಿಟ್ಟಿಲ್ಲ."

ಅವನಿಗೆ ಏನೂ ಅನಿಸುವುದಿಲ್ಲ, ಹಂಬಲವೆಲ್ಲ ನನ್ನೊಬ್ಬಳದೇ ಎಂದು ನಾನು ಅಂದುಕೊಂಡಿದ್ದೆ. ಗುಡ್ಡದ ಮೇಲೆಯೂ ಅದು ಅಷ್ಟೇ ಇತ್ತು, ಪ್ರಾಯಶಃ ನನಗಿಂತ ಹೆಚ್ಚೇ. ಅದನ್ನು ಇಟ್ಟುಕೊಂಡೇ ಅವನು ಪ್ರತಿ ಮುಂಜಾನೆ ನೀರು ಎರೆಯುತ್ತಿದ್ದ.

ಮಗಳ ಮದುವೆ ಗದ್ವಾಲಿನಲ್ಲಿ ಚೆನ್ನಾಗಿ ನಡೆಯಿತು. ಈಗ ನನಗೆ ಅಂಗನವಾಡಿ ಕೆಲಸ ಬಿಡುವ ವಯಸ್ಸು ಹತ್ತಿರ ಬಂದಿದೆ. ಕೆಲಸ ಬಿಟ್ಟ ಮೇಲೆ ನಮ್ಮೂರಿನಲ್ಲಿ, ಗುಡ್ಡ ಕಾಣುವ ಕಡೆ ಒಂದು ಕೋಣೆ ಬಾಡಿಗೆಗೆ ಹಿಡಿದು ವರ್ಷಕ್ಕೆ ಕೆಲವು ತಿಂಗಳು ಇರೋಣವೇ ಎಂದು ಗಂಡನನ್ನು ಕೇಳಿದೆ. ಹೋಟೆಲ್ ಯಾರು ನೋಡಬೇಕು ಎಂದು ಮೊದಲು ಗೊಣಗಿದರು. ಮೊನ್ನೆ ತಾವಾಗಿಯೇ, "ಆ ಊರಾಗ ನೀರಿನ ಅನುಕೂಲ ಹೆಂಗೈತಿ?" ಎಂದು ವಿಚಾರಿಸಿದರು. ಅಣ್ಣನಿಗೆ ಇನ್ನೂ ಹೇಳಿಲ್ಲ. ಹೇಳಿದರೆ, ದಿನಾ ಬಂದು ರೊಟ್ಟಿಯಲ್ಲಿ ತಪ್ಪು ಹುಡುಕುತ್ತೀಯಾ ಎಂದು ಬೈಯುತ್ತಾನೆ. ಬೈಯಲಿ.