ಬುಧವಾರ ಬರೆದುಕೊಂಡ ತೀರ್ಪು

ಹೈಕೋರ್ಟಿನ ಎರಡನೇ ಮಹಡಿಯಲ್ಲಿ ಒಬ್ಬ ಸ್ಟೆನೋ ಇದ್ದಳು. ಇಪ್ಪತ್ತಾರು ವರ್ಷ ನ್ಯಾಯಾಧೀಶರು ಹೇಳಿದ್ದನ್ನು ಪೆನ್ಸಿಲ್ಲಿನಲ್ಲಿ ಗೀಚಿಕೊಂಡು, ಟೈಪು ಮಾಡಿ, ಮೇಜಿನ ಮೇಲಿಟ್ಟು ಮನೆಗೆ ಹೋದವಳು. ಯಾರ ಮನೆ ಉಳಿಯುತ್ತದೆ, ಯಾರು ಜೈಲಿಗೆ ಹೋಗುತ್ತಾರೆ ಎಂಬುದು ಅವಳಿಗೆ ಊರಿಗಿಂತ ಎರಡು ದಿನ ಮೊದಲೇ ಗೊತ್ತಿರುತ್ತಿತ್ತು. ಒಂದು ದಿನವೂ ಬಾಯಿ ಬಿಟ್ಟವಳಲ್ಲ. ಜವಾನರು ಬೆನ್ನ ಹಿಂದೆ ಅವಳನ್ನು ಮುಚ್ಚಳ ಎನ್ನುತ್ತಿದ್ದರು. ಒಮ್ಮೆ ವಕೀಲನೊಬ್ಬ ಲಿಫ್ಟಿನಲ್ಲಿ ತನ್ನ ಕೇಸು ಏನಾಯಿತೆಂದು ಮೆಲ್ಲಗೆ ಕೇಳಿದ್ದಕ್ಕೆ, “ನಿಮ್ಮ ಮಹಡಿ ಬಂತು, ಇಳೀರಿ” ಎಂದಿದ್ದಳಂತೆ.

ಹಿಂದೆ ಮುಂದೆ ಯಾರೂ ಇಲ್ಲದ ಅವಳಿಗೆ ಇದ್ದವನೊಬ್ಬ ತಮ್ಮ. ದರ್ಜಿ. ಅಂಗಡಿ ಎರಡು ಬೀದಿ ಆಚೆ. ಅಕ್ಕನ ಪಾಲಿನ ಮಾತೂ ಅವನಿಗೇ ಬಂದಿತ್ತೋ ಏನೋ, ಬಟ್ಟೆ ಅಳೆಯುವಷ್ಟರಲ್ಲಿ ಗಿರಾಕಿಯನ್ನು ಮೂರು ಸಲ ನಗಿಸುತ್ತಿದ್ದ. ಆ ವರ್ಷ ಅವನ ಕಾಲು ಊದಿತು, ಮುಖ ಬಿಳಿಚಿತು. ಮೂತ್ರಪಿಂಡಗಳೆರಡೂ ಕೈಕೊಟ್ಟಿವೆ, ಇನ್ನು ವಾರಕ್ಕೆರಡು ಸಲ ಡಯಾಲಿಸಿಸ್ ಆಗಲೇಬೇಕು ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಹೊಸ ಆರೋಗ್ಯ ಕಾಯ್ದೆ ಬಂದಿತ್ತು. ಖಾಸಗಿ ಆಸ್ಪತ್ರೆಯವರೂ ಇಂಥವರಿಗೆ ಪುಕ್ಕಟೆ ಚಿಕಿತ್ಸೆ ಕೊಡಬೇಕಿತ್ತು. ಚೀಟಿ ಹಿಡಿದು ಹೋಗಿ ಹೆಸರು ಬರೆಸಿದರಾಯಿತು, ಅರ್ಧ ದಿನದ ಕೆಲಸ. ಆದರೆ ತಮ್ಮ, ಶಾಲೆಯ ಅರವತ್ತು ಜೊತೆ ಸಮವಸ್ತ್ರ ಮುಗಿಸಿ ಸೋಮವಾರ ಹೋಗುತ್ತೇನೆಂದು ಮೆಷಿನ್ನಿಗೆ ಅಂಟಿಕೊಂಡಿದ್ದ.

ಆ ಕಾಯ್ದೆಯ ವಿರುದ್ಧ ಆಸ್ಪತ್ರೆಯವರು ಹಾಕಿದ್ದ ಅರ್ಜಿ ಅವಳ ಸಾಹೇಬರ ಮುಂದೆಯೇ ಇತ್ತು. ಬುಧವಾರ ಮಧ್ಯಾಹ್ನ ಸಾಹೇಬರು ಕನ್ನಡಕ ತೆಗೆದಿಟ್ಟು ಹೇಳತೊಡಗಿದರು. ಖಾಸಗಿ ಆಸ್ಪತ್ರೆಗಳ ಕೈ ಹೀಗೆ ಕಟ್ಟುವ ಅಧಿಕಾರ ಸರ್ಕಾರಕ್ಕಿಲ್ಲ, ಆ ಕಲಮು ರದ್ದು. ತೀರ್ಪಿನ ದಿನಕ್ಕೆ ಮೊದಲು ಹೆಸರು ಬರೆಸಿದವರ ಚಿಕಿತ್ಸೆ ಮಾತ್ರ ನಡೆಯತಕ್ಕದ್ದು. ಪೆನ್ಸಿಲ್ಲು ನಿಲ್ಲಲಿಲ್ಲ, ಅದಕ್ಕೆ ಅಭ್ಯಾಸವಾಗಿತ್ತು. ತೀರ್ಪು ಓದುವುದು ಶುಕ್ರವಾರ. ನಡುವೆ ಇದ್ದದ್ದು ಗುರುವಾರವೊಂದೇ.

ಸಂಜೆ ನೆಟ್ಟಗೆ ಅಂಗಡಿಗೆ ಹೋದಳು. ಗುಂಡಿ ಹೊಲಿಯುತ್ತಿದ್ದ ತಮ್ಮನ ಹೆಂಡತಿ ಸ್ಟೂಲು ಎಳೆದು, ಕೂತ್ಕೊಳ್ಳಿ ಅತ್ತಿಗೆ ಎಂದಳು. ಇವಳು ಕೂರಲಿಲ್ಲ.

“ನಾಳೆನೇ ಹೋಗಿ ಹೆಸರು ಬರೆಸ್ಬಿಡೋ.”

“ನಾಳೆ ಹೋದ್ರೆ ಹೆಡ್‌ಮಾಸ್ಟ್ರು ಬಂದು ನನ್ನೇ ಹೊಲಿದು ಹಾಕ್ತಾರೆ. ಸೋಮವಾರ ಹೋಗ್ತೀನಕ್ಕ.”

“ಸೋಮವಾರ ಬೇಡ. ನಾಳೆ.”

ಅಕ್ಕನ ಬಾಯಿಂದ ಎರಡನೇ ಸಲ ಅದೇ ಮಾತು ಬಂದದ್ದು ಕಂಡು ತಮ್ಮ ಮೆಷಿನ್ನು ನಿಲ್ಲಿಸಿದ. “ಯಾಕಕ್ಕ? ಕೋರ್ಟಲ್ಲಿ ಏನಾದ್ರೂ ಗೊತ್ತಾಯ್ತಾ?”

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಇವನಂಥವರು ಊರ ತುಂಬ ಇದ್ದಾರೆ, ಅವರಿಗೆಲ್ಲ ಕೋರ್ಟಿನಲ್ಲಿ ಅಕ್ಕ ಇಲ್ಲವಲ್ಲ ಎಂದು ಅವಳಿಗೆ ಅನ್ನಿಸಿತು. ಇಪ್ಪತ್ತಾರು ವರ್ಷದ ನಾಲಿಗೆ ತಾನಾಗಿಯೇ ಹೊರಳಿತು.

“ಏನಿಲ್ಲ. ಕಾಲು ಊದಿದೆಯಲ್ಲ, ಅದಕ್ಕೆ ಹೇಳ್ದೆ.”

“ಅಷ್ಟೇನಾ? ಊದಿದ ಕಾಲು ನಾಲ್ಕು ದಿನ ತಡ್ಕೊಳ್ಳತ್ತೆ ಬಿಡು” ಎಂದು ಅವನು ಮತ್ತೆ ಪೆಡಲು ತುಳಿದ.

ಗುರುವಾರ ಸಾಹೇಬರು ಕೆಂಪು ಶಾಯಿಯಲ್ಲಿ ತಿದ್ದಿದ್ದನ್ನೆಲ್ಲ ಅವಳು ಸರಿಮಾಡಿದಳು. ಎರಡು ಸಲ ಮೆಟ್ಟಿಲ ಬಳಿ ನಿಂತು ತಮ್ಮನಿಗೆ ಫೋನು ಮಾಡಿ ಹೋದೆಯಾ ಎಂದು ಕೇಳಿದಳು. ಎರಡು ಸಲವೂ ಹಿಂದೆ ಮೆಷಿನ್ನಿನ ಸದ್ದು ಕೇಳಿತು. ಐದಕ್ಕೆ ಆಸ್ಪತ್ರೆಯ ಕೌಂಟರು ಮುಚ್ಚಿತು.

ಶುಕ್ರವಾರ ತೀರ್ಪು ಬಂತು. ಸೋಮವಾರ ತಮ್ಮ ಹೋದಾಗ, ಕೌಂಟರಿನವಳು ಗಾಜಿಗೆ ಅಂಟಿಸಿದ ಹಾಳೆ ತೋರಿಸಿದಳು. ದುಡ್ಡು ಕೊಟ್ಟು ಮಾಡಿಸುವುದು ಅಕ್ಕ ತಮ್ಮ ಇಬ್ಬರ ಸಂಪಾದನೆ ಸೇರಿಸಿದರೂ ಆಗದ ಮಾತು. ಸರ್ಕಾರಿ ಆಸ್ಪತ್ರೆಯಲ್ಲಿದ್ದದ್ದು ನಾಲ್ಕು ಯಂತ್ರ. ಅವನ ಸರತಿ ಮೂರು ತಿಂಗಳಾಚೆ. ಅಷ್ಟು ದಿನ ತಡೆಯುವ ಮೈ ಇದಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಸಂಜೆ ಅಕ್ಕ ಹೋದಾಗ ತಮ್ಮ ಎಲ್ಲಿಂದಲೋ ತೀರ್ಪಿನ ಪ್ರತಿ ತರಿಸಿಟ್ಟುಕೊಂಡಿದ್ದ. ತನ್ನ ತಲೆಗೆ ಇದು ಹತ್ತುವುದಿಲ್ಲ, ಓದಿ ಹೇಳು ಎಂದ. ಎಲ್ಲಾದರೂ ಒಂದು ಸಂದು ಸಿಕ್ಕರೆ ವಕೀಲರ ಕಾಲು ಹಿಡಿಯಬಹುದಿತ್ತು.

ಅವಳು ಹಾಳೆ ಕೈಗೆತ್ತಿಕೊಂಡು ಮೊದಲಿನಿಂದ ಹೇಳುತ್ತಾ ಹೋದಳು. ಎಲ್ಲೂ ತಡವರಿಸಲಿಲ್ಲ. ಕಣ್ಣು ಕಿಟಕಿಯ ಕಡೆ ಇತ್ತು. ಕೊನೆಯ ಭಾಗಕ್ಕೆ ಬಂದಾಗ ತಮ್ಮ ಕೈ ಅಡ್ಡ ಹಿಡಿದ.

“ಅಕ್ಕ, ನೀನು ಹಾಳೆ ನೋಡ್ತಾನೇ ಇಲ್ಲ.”

ಅವಳು ಹಾಳೆ ಕೆಳಗಿಟ್ಟಳು.

“ಬುಧವಾರ ನಾನು ಕೇಳಿದ್ದೆ.”

“ಹೌದು, ನೀನು ಕೇಳಿದ್ದೆ.”

ತಮ್ಮನ ಹೆಂಡತಿ ಮಡಿಲಲ್ಲಿದ್ದ ಗುಂಡಿಗಳನ್ನು ಡಬ್ಬಿಗೆ ಸುರಿದು ಒಳಗೆದ್ದು ಹೋದಳು. ತಮ್ಮ ಬಗ್ಗಿ ಊದಿದ ಪಾದ ಒತ್ತಿ ನೋಡಿಕೊಂಡ.

“ಸಂದು ಇದೆಯಾ ಇಲ್ವಾ, ಅಷ್ಟು ಹೇಳು.”

“ಇಲ್ಲ.”

“ಸರಿ” ಎಂದ. “ಕತ್ತಲಾಯ್ತು. ಮನೆಗೆ ಹೋಗಕ್ಕ.”