ಉಷ್ಣ ಎಂದು ನಾನು ಹೇಳಿದ್ದು

ರತ್ನ, ಇಪ್ಪತ್ತಾರು ವರ್ಷದ ಹಿಂದೆ ನಿನಗಾಗಿದ್ದು ಉಷ್ಣವಲ್ಲ. ಅದೊಂದು ಸೋಂಕು. ನಿನ್ನ ಗಂಡನಿಂದ ನಿನಗೆ ಬಂದದ್ದು. ಅದು ನನಗೆ ಗೊತ್ತಿತ್ತು — ನೀನು ನನ್ನ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವ ಮೊದಲೇ ಗೊತ್ತಿತ್ತು — ಗೊತ್ತಿದ್ದೂ ನಿನ್ನ ಮುಖ ನೋಡಿಕೊಂಡು ಸುಳ್ಳು ಹೇಳಿದೆ.

ಇಷ್ಟು ಬರೆಯುವುದಕ್ಕೆ ನನಗೆ ಮೂರು ವಾರ ಹಿಡಿಯಿತು. ದಿನಾ ಬೆಳಿಗ್ಗೆ ಬಡವನಹಳ್ಳಿಯ ಬಸ್ಸಿಳಿದು ಬರುತ್ತೀಯ. ಮಧ್ಯಾಹ್ನ ನನ್ನ ಎದುರಿಗೇ ಕೂತು ಡಬ್ಬಿ ಬಿಚ್ಚುತ್ತೀಯ. ನನ್ನ ಚಪಾತಿ ನೋಡಿ "ಇದೇನು ಚಪಾತೀನೋ ರಟ್ಟೋ" ಎಂದು ಹಂಗಿಸಿ, ನಿನ್ನ ಮುದ್ದೆಯಲ್ಲಿ ಅರ್ಧ ಮುರಿದು ನನ್ನ ತಟ್ಟೆಗೆ ಹಾಕುತ್ತೀಯ. ಹಾಗೆ ಎದುರಿಗಿರುವವಳಿಗೆ ಬಾಯಿಬಿಟ್ಟು ಹೇಳಲಾರದೆ ಈ ಕಾಗದ ಹಿಡಿದು ಕೂತಿದ್ದೇನೆ. ಮಧುಗಿರಿಯಲ್ಲಿ ನನಗೆ ಬಾಯಿಬಡುಕಿ ಡಾಕ್ಟರೆಂದು ಹೆಸರು. ಸಕ್ಕರೆ ಕಾಯಿಲೆಯವರು ಲಾಡು ತಿಂದರೆ ಬೀದಿಗೆ ಕೇಳುವಂತೆ ಬಯ್ಯುತ್ತೇನೆ. ಯಾರಿಗೂ ಹೆದರದವಳು ಎಂದು ನೀನೇ ಎಲ್ಲರೆದುರು ಹೊಗಳುತ್ತೀಯ. ಹೆದರಿದ್ದೆ, ರತ್ನ. ಅದೂ ಹತ್ತೊಂಬತ್ತು ವರ್ಷದ ಒಂದು ಹುಡುಗಿಯ ಒಂದು ಪ್ರಶ್ನೆಗೆ.

ಮೊದಲಿನಿಂದ ಹೇಳುತ್ತೇನೆ. ಆಗ ನಾನು ಬಸ್‌ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಕ್ಲಿನಿಕ್ ತೆರೆದು ಒಂದು ವರ್ಷವೂ ಆಗಿರಲಿಲ್ಲ. ಒಂದೇ ಕೋಣೆ, ನಡುವೆ ಒಂದು ಪರದೆ. ಲೇಡಿ ಡಾಕ್ಟ್ರು ಬಂದವ್ರಂತೆ ಎಂಬ ಸುದ್ದಿ ಹಳ್ಳಿಗಳಿಗೆ ಹೋಗಿ ಹೆಂಗಸರು ಬರತೊಡಗಿದ್ದರು. ಬರುತ್ತಿದ್ದರು, ಆದರೆ ಬಾಯಿ ಬಿಡುತ್ತಿರಲಿಲ್ಲ. ಪಕ್ಕದಲ್ಲಿ ಅತ್ತೆ, ಪರದೆಯಾಚೆ ಊರಿನವರು. ಎಲ್ಲದಕ್ಕೂ ಅವರಲ್ಲಿ ಒಂದೇ ಮಾತಿತ್ತು — ಉಷ್ಣ. ಬಾಯಿಹುಣ್ಣು ಉಷ್ಣ, ಕಣ್ಣುರಿ ಉಷ್ಣ, ಬಿಳಿ ಹೋಗುವುದೂ ಉಷ್ಣ. ಆ ಮಾತಿನಲ್ಲಿ ಯಾರ ತಪ್ಪೂ ಇರುವುದಿಲ್ಲ, ಅದಕ್ಕೇ ಅದು ಎಲ್ಲರಿಗೂ ಬೇಕಾಗಿತ್ತು. ಓದಿ ಬಂದ ನಾನೂ ಅದನ್ನು ಬೇಗ ಕಲಿತೆ.

ಮೊದಲು ಬಂದವನು ನಿನ್ನ ಗಂಡ. ತಿಮ್ಮರಾಜು ಆಗ ಬೋರ್‌ವೆಲ್ ಲಾರಿಯ ಜೊತೆ ಆಂಧ್ರದ ಕಡೆ ಹೋಗಿ ಎರಡು ತಿಂಗಳಿಗೊಮ್ಮೆ ಮನೆಗೆ ಬರುತ್ತಿದ್ದ. ಸ್ಟೂಲಿನ ಮೇಲೆ ಕೂತು ನೆಲ ನೋಡುತ್ತಲೇ ಹೇಳಿದ: "ಒಂದ್ ತಪ್ಪಾಗೋಯ್ತಮ್ಮ." ಅವನ ಕಾಯಿಲೆ ಯಾವುದೆಂದು ತಿಳಿಯುವುದು ಕಷ್ಟವೇನಿರಲಿಲ್ಲ. ಔಷಧಿ ಕೊಟ್ಟೆ. ಹೆಂಡತಿಗೂ ಆಗಿರುತ್ತದೆ, ಕರೆದುಕೊಂಡು ಬಾ ಎಂದೆ. ಅವನು ಕೈ ಮುಗಿದ. "ಕರ್ಕಂಡ್ ಬತ್ತೀನಿ. ಆದ್ರೆ ಅವ್ಳಿಗೆ ಗೊತ್ತಾಗ್ಬಾರ್ದು ಕಣಮ್ಮ. ಮದ್ವೆಯಾಗಿ ಎಂಟ್ ತಿಂಗ್ಳಾಗೈತೆ ಅಷ್ಟೇ."

ಮರುದಿನ ನೀನು ಬಂದೆ. ಪಾವಗಡದ ಕಡೆಯ ಹುಡುಗಿ, ನಾಲ್ಕು ಮಾತಿಗೆ ಎರಡು ತೆಲುಗು. ಮುಡಿಯಲ್ಲಿ ಕನಕಾಂಬರ, ಮುಖದಲ್ಲಿ ಕಿಬ್ಬೊಟ್ಟೆಯ ನೋವು. ತಿಮ್ಮರಾಜು ಹೊರಗೇ ನಿಂತಿದ್ದ. ಪರೀಕ್ಷೆ ಮಾಡಿ ಕೈ ತೊಳೆದುಕೊಳ್ಳುತ್ತಿದ್ದಾಗ ನೀನು ಕೇಳಿದೆ:

"ಏನಾಗೈತಮ್ಮ ನಂಗೆ?"

"ಏನಿಲ್ಲ ಕಣಮ್ಮ, ಉಷ್ಣ. ಈ ಮಾತ್ರೆ ಹದಿನಾಲ್ಕು ದಿನ ನುಂಗು, ಸರಿಹೋಗುತ್ತೆ."

ಅಷ್ಟೇ ನಾನು ಹೇಳಿದ್ದು. ನೀನು ನಕ್ಕೆ — ಏನೋ ದೊಡ್ಡದಿರಬಹುದೆಂದು ಹೆದರಿದ್ದೆಯೇನೋ, ಉಷ್ಣ ತಾನೇ ಎಂದು ನಿರಾಳವಾಗಿ ನಕ್ಕು ಹೋದೆ.

ಅವನ ಗುಟ್ಟು ಕಾಯುವುದು ನನ್ನ ಕರ್ತವ್ಯ ಎಂದು ಆಗ ಅಂದುಕೊಂಡೆ. ಹೌದು, ಅವನ ಗುಟ್ಟು ಅವನದು. ಆದರೆ ಕಾಯಿಲೆ ನಿನ್ನದಾಗಿತ್ತಲ್ಲ? "ಇದು ಸೋಂಕು, ಪೂರ್ತಿ ಮಾತ್ರೆ ನುಂಗದಿದ್ದರೆ ಮುಂದೆ ಮಕ್ಕಳಾಗುವುದು ಕಷ್ಟ" — ಅವನ ಹೆಸರೆತ್ತದೆ ಇಷ್ಟನ್ನು ಹೇಳಬಹುದಿತ್ತು. ಹೇಳಿದ್ದರೆ ನೀನು "ಎಲ್ಲಿಂದ ಬಂತು?" ಎನ್ನುತ್ತಿದ್ದೆ. ಆ ಪ್ರಶ್ನೆಗೇ ನಾನು ಹೆದರಿದ್ದು. ನೀನು ಅತ್ತು ಕರೆದು ಬೀದಿ ಸೇರಿದರೆ, ಮನೆ ಮುರಿದ ಡಾಕ್ಟರೆಂದು ಹೆಸರು ಬಂದರೆ, ನಾಳೆಯಿಂದ ಗಂಡಸರು ತಮ್ಮ ಮನೆಯ ಹೆಂಗಸರನ್ನು ನನ್ನ ಹತ್ತಿರ ಕಳಿಸದಿದ್ದರೆ — ಹೀಗೆಲ್ಲ. ನಿನ್ನ ಸಂಸಾರ ಕಾಪಾಡಿದೆ ಎಂದು ಬಹಳ ವರ್ಷ ಹೇಳಿಕೊಂಡೆ. ಕಾಪಾಡಿಕೊಂಡದ್ದು ನನ್ನ ಹೆಸರನ್ನು.

ಆಮೇಲೆ ನಿನಗೆ ಮಕ್ಕಳಾಗಲಿಲ್ಲ. ನಾಲ್ಕನೇ ವರ್ಷ ತುಮಕೂರಿನಲ್ಲಿ ಗರ್ಭಕೋಶಕ್ಕೆ ಬಣ್ಣದ ನೀರು ಹಾಯಿಸಿ ಎಕ್ಸ್‌ರೇ ತೆಗೆಸಿದರು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ನೆಟ್ಟಗೆ ನನ್ನ ಹತ್ತಿರ ಬಂದೆ. ನಾನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಎರಡೂ ನಳಿಕೆ ಮುಚ್ಚಿಹೋಗಿದ್ದವು. ಆಗಲೇ ಆ ಹಳೆಯ ಸೋಂಕು ನೆನಪಾಯಿತು — ಆದರೆ ಮಾತ್ರೆ ಕೊಟ್ಟಿದ್ದೆನಲ್ಲ, ಹದಿನಾಲ್ಕು ದಿನ ನುಂಗಿದ್ದಾಳಲ್ಲ, ಇದು ಬೇರೆ ಏನೋ ಇರಬೇಕು… ನಿನ್ನನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. "ಕೆಲವರಿಗೆ ಹೀಗಾಗುತ್ತೆ ರತ್ನ" ಎಂದೆ. ನೀನು ನನ್ನ ಮುಖ ನೋಡಿ, ಪಾಪ, ನನಗೇ ಸಮಾಧಾನ ಹೇಳಿದೆ: "ಪರ್ವಾಲೇದು ಬುಡಮ್ಮ. ನನ್ ಹೊಟ್ಟೆನೇ ಸರಿಯಿಲ್ಲ, ನೀವೇನ್ ಮಾಡ್ತೀರಾ."

ನಿನ್ನ ತಂಗಿಯನ್ನೇ ತಿಮ್ಮರಾಜುವಿಗೆ ಎರಡನೆಯವಳಾಗಿ ತರಲು ನೀನೇ ಹೊರಟೆ. ಅವನು ಒಪ್ಪಲಿಲ್ಲ. ಒಪ್ಪದ್ದಕ್ಕೆ ಊರೆಲ್ಲ ಅವನನ್ನು ಹೊಗಳಿತು, ಎಲ್ಲರಿಗಿಂತ ಹೆಚ್ಚು ನೀನು ಹೊಗಳಿದೆ. "ಬಂಜೆ ಅಂತ ಒಂದಿನ ಅನ್ನಲಿಲ್ಲ ಕಣಮ್ಮ, ನನ್ನಂಥೋಳ್ನ ಇಟ್ಕಂಡವ್ರೆ, ದೇವ್ರಂಥೋರು." ಅಂದಿನಿಂದ ನೀನು ಅವನಿಗೆ ಎದುರು ಮಾತಾಡಿದ್ದನ್ನು ನಾನು ಕಾಣೆ. ತವರಿಗೆ ಹೋದರೂ ಎರಡು ದಿನಕ್ಕೆ ವಾಪಸ್. ಹೆಸರಿಡುವ ಶಾಸ್ತ್ರಕ್ಕೆ ಯಾರಾದರೂ ಕರೆದರೆ ಬಾಗಿಲ ಹತ್ತಿರವೇ ನಿಂತು ಉಡುಗೊರೆ ಕೊಟ್ಟು ಬರುತ್ತೀಯ, ತೊಟ್ಟಿಲ ಹತ್ತಿರ ಹೋಗುವುದಿಲ್ಲ. ಇದೆಲ್ಲ ನನಗೆ ಗೊತ್ತಿದೆ, ಏಕೆಂದರೆ ಹದಿನಾಲ್ಕು ವರ್ಷದಿಂದ ನೀನು ನನ್ನ ಕ್ಲಿನಿಕ್ಕಿನಲ್ಲೇ ಇದ್ದೀಯ. ಚೀಟಿ ಕರೆಯುವವಳು ನೀನು, ಅಳುವ ಮಕ್ಕಳನ್ನು ಹಿಡಿದುಕೊಳ್ಳುವವಳು ನೀನು, ನನ್ನ ಬಿ.ಪಿ. ಮಾತ್ರೆ ನನಗೆ ನೆನಪಿಸುವವಳೂ ನೀನೇ. ಡಾಕ್ಟ್ರಮ್ಮ ರತ್ನನ್ನ ಮಗಳ ಥರ ನೋಡ್ಕೊತಾರೆ ಎಂದು ಜನ ಹೇಳುವಾಗ ನಾನು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದೆ. ಹಿಡಿಸುತ್ತಿತ್ತು ಆ ಮಾತು.

ಈಗ ಮೂರು ವಾರದ ಹಿಂದಿನ ಮಾತು. ಕೊರಟಗೆರೆ ಕಡೆಯಿಂದ ಒಂದು ಹೊಸ ಮದುವೆಯ ಹುಡುಗಿ ಬಂದಿದ್ದಳು, ನಿನಗೂ ನೆನಪಿರಬೇಕು, ಹಸಿರು ಗಾಜಿನ ಬಳೆ ತುಂಬಾ ತೊಟ್ಟಿದ್ದಳು. ನಿನಗಿದ್ದ ನೋವೇ, ನಿನಗಿದ್ದ ಲಕ್ಷಣವೇ. ಅತ್ತೆ ಪಕ್ಕದಲ್ಲಿ ಅಂಟಿಕೊಂಡು ಕೂತಿದ್ದಳು. ಇಷ್ಟು ವರ್ಷವಾಗಿ, ತಲೆ ಬೆಳ್ಳಗಾಗಿ, ಹುಡುಗಿಯರು ಫೋನಿನಲ್ಲೇ ಎಲ್ಲ ನೋಡಿಕೊಂಡು ಬರುವ ಈ ಕಾಲದಲ್ಲೂ ನನ್ನ ಬಾಯಿಗೆ ಬಂದದ್ದು ಅದೇ: "ಏನಿಲ್ಲ, ಸ್ವಲ್ಪ ಉಷ್ಣ." ಚೀಟಿ ಬರೆದು ಕಳಿಸಿದೆ. ಪರದೆಯಾಚೆ ಅವಳಿಗೆ ಮಾತ್ರೆ ಎಣಿಸಿ ಕೊಡುತ್ತಾ ನೀನು ದನಿ ತಗ್ಗಿಸಿ ಹೇಳುತ್ತಿದ್ದುದು ನನಗೆ ಕೇಳಿಸಿತು.

"ಹೊಟ್ಟೆ ಉರೀತು ಅಂದ್ರೆ ಬುಟ್ಬುಡು ಕಣಮ್ಮ. ನಂಗೂ ಇಂಗೇ ಉಷ್ಣ ಆಗಿತ್ತು ವಯಸ್ನಾಗೆ. ಡಾಕ್ಟ್ರಮ್ಮ ಇಂಥವೇ ಮಾತ್ರೆ ಕೊಟ್ಟಿದ್ರು, ಮೂರ್ ದಿನಕ್ಕೇ ಎದೆಯೆಲ್ಲ ಬೆಂಕಿ. ಇಂಗ್ಲಿಷ್ ಮಾತ್ರೆನೇ ಉಷ್ಣ, ಉಷ್ಣಕ್ಕೆ ಮತ್ತೆ ಉಷ್ಣ ಹಾಕಿದ್ರೆ ಹೆಂಗೆ? ಎತ್ತಿಟ್ಬುಟ್ಟೆ. ಹೊಕ್ಕುಳಿಗೆ ಹರಳೆಣ್ಣೆ ಹಚ್ಕಂಡು ಬಾರ್ಲಿ ಗಂಜಿ ಕುಡ್ದೆ. ವಾರಕ್ಕೆ ನೋವು ಹೋಯ್ತು. ಅಮ್ಮನಿಗೆ ಹೇಳ್ಬ್ಯಾಡ, ಬೈತಾರೆ."

ಹೇಳಿ ನಕ್ಕೆ ನೀನು. ನಾನು ಪೆನ್ನು ಹಿಡಿದುಕೊಂಡೇ ಕೂತಿದ್ದೆ, ಎದುರಿನ ರೋಗಿ ಏನೋ ಹೇಳುತ್ತಿದ್ದರು.

ನಿನ್ನ ತಪ್ಪೇನಿತ್ತು ಇದರಲ್ಲಿ? ಉಷ್ಣ ಎಂದವಳು ನಾನು. ಉಷ್ಣವಾದರೆ ತಂಪು ಮಾಡಬೇಕು, ಉರಿಸುವ ಮಾತ್ರೆ ನಿಲ್ಲಿಸಬೇಕು. ಬುದ್ಧಿ ಇರುವ ಯಾವ ಹೆಂಗಸಾದರೂ ಹಾಗೇ ಮಾಡುತ್ತಾಳೆ. ನೀನು ನನ್ನ ಮಾತನ್ನು ನಂಬಿದ್ದರಿಂದಲೇ ನನ್ನ ಮಾತ್ರೆಯನ್ನು ಬಿಟ್ಟೆ. ನೋವು ಹೋಯಿತು, ಸೋಂಕು ಹೋಗಲಿಲ್ಲ. ಒಳಗೊಳಗೇ ನಳಿಕೆಗಳನ್ನು ಮುಚ್ಚಿತು. ಅದರಿಂದಲೇ ಎಂದು ಆಣೆ ಇಟ್ಟು ಹೇಳಲು ಯಾವ ವೈದ್ಯರಿಗೂ ಆಗುವುದಿಲ್ಲ. ಆದರೆ ಬೇರೆ ಕಾರಣ ಹುಡುಕಿ ನೋಡಿದೆ, ರತ್ನ — ನನಗೆ ಯಾವುದೂ ಸಿಗಲಿಲ್ಲ.

ಆವತ್ತು ಆ ಹುಡುಗಿಯನ್ನು ನಾನು ಮತ್ತೆ ಒಳಗೆ ಕರೆದೆ. ಅತ್ತೆಯ ಬಿ.ಪಿ. ನೋಡು ಎಂದು ನಿನಗೆ ಹೇಳಿ ನಿಮ್ಮಿಬ್ಬರನ್ನೂ ಹೊರಗೆ ಕೂರಿಸಿದೆ. ಹುಡುಗಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಇದು ಸೋಂಕು, ಗಂಡ ಹೆಂಡತಿ ಕೂಡುವುದರಿಂದ ಬರುವಂಥದ್ದು, ಇಬ್ಬರಿಗೂ ಔಷಧಿ ಆಗಬೇಕು, ಹೊಟ್ಟೆ ಉರಿದರೆ ಊಟದ ಮೇಲೆ ನುಂಗು, ಆದರೆ ಒಂದು ಮಾತ್ರೆಯನ್ನೂ ಬಿಡಬೇಡ, ಗಂಡನನ್ನು ನಾನೇ ಫೋನ್ ಮಾಡಿ ಕರೆಸುತ್ತೇನೆ. ಅವಳು ಬಳೆ ಸವರಿಕೊಂಡಳು. ನಾನು ಅಷ್ಟು ವರ್ಷ ಹೆದರಿದ್ದ ಪ್ರಶ್ನೆಯನ್ನು ಅವಳು ಕೇಳಲೇ ಇಲ್ಲ. ಅವಳು ಕೇಳಿದ್ದು ಬೇರೆ: "ಅಂಗಾರೆ ನಂದೇನೂ ತಪ್ಪಿಲ್ವಾ ಅಮ್ಮ?"

"ನಿಂದೇನೂ ತಪ್ಪಿಲ್ಲ ಕಣಮ್ಮ" ಎಂದೆ. ಹತ್ತು ನಿಮಿಷದಲ್ಲಿ ಮುಗಿಯಿತು. ಆಕಾಶ ಕಳಚಿ ಬೀಳಲಿಲ್ಲ. ನಿನಗೆ ಸಲ್ಲಬೇಕಾಗಿದ್ದ ಆ ಮಾತನ್ನು, ನಿನಗಿಂತ ಮೊದಲು, ಹೆಸರೂ ಸರಿಯಾಗಿ ಗೊತ್ತಿಲ್ಲದ ಒಬ್ಬಳಿಗೆ ಹೇಳಿದೆ. ಸಂಜೆ ನೀನು ಎಂದಿನಂತೆ "ಬತ್ತೀನಮ್ಮ, ಮಾತ್ರೆ ತಗೊಳಿ" ಎಂದು ಹೇಳಿ ಹೊರಟೆ. ನಾನು ತಲೆಯಾಡಿಸಿದೆ.

ಕಳೆದ ಭಾನುವಾರ, ನೀನು ಸ್ತ್ರೀಶಕ್ತಿ ಸಂಘದ ಮೀಟಿಂಗಿಗೆ ಹೋಗಿದ್ದಾಗ, ನಾನು ಬಡವನಹಳ್ಳಿಗೆ ಬಂದಿದ್ದೆ. ತಿಮ್ಮರಾಜು ತನ್ನ ರಿಪೇರಿ ಅಂಗಡಿಯಲ್ಲಿ ಮೋಟಾರಿಗೆ ತಂತಿ ಸುತ್ತುತ್ತಿದ್ದ. ಅವನ ಗುಟ್ಟನ್ನು ಅವನನ್ನು ಕೇಳದೆ ಹೇಳುವಂತಿರಲಿಲ್ಲ. ನೀನು ಮಾತ್ರೆ ಬಿಟ್ಟದ್ದು ಅವನಿಗೂ ಗೊತ್ತಿರಲಿಲ್ಲ. ಕೇಳಿ ತಂತಿಯ ಸುರುಳಿ ಕೆಳಗಿಟ್ಟ.

"ಅಂದ್ರೆ… ನನ್ನಿಂದ್ಲೇನಾ ಅಮ್ಮ?"

"ನಮ್ಮಿಬ್ಬರಿಂದ" ಎಂದೆ.

ಅವನು ಅಳುತ್ತಾನೆಂದುಕೊಂಡೆ, ಅಳಲಿಲ್ಲ. "ನನ್ನನ್ನ ದೇವ್ರು ದೇವ್ರು ಅಂತಾಳೆ. ಅವ್ಳು ಅಂಗಂದಾಗೆಲ್ಲ ತಲೆ ಎತ್ತಕ್ಕಾಗಲ್ಲ ನಂಗೆ. ಹೇಳ್ಬುಡಿ ಅಮ್ಮ. ಇಲ್ಲ, ನನ್ನ ಪಾಲಿಂದು ನಾನೇ ಹೇಳ್ತೀನಿ, ನೀವು ಜೊತೇಲಿರಿ" ಎಂದ. ಅವನು ಕೆಟ್ಟವನಲ್ಲ, ರತ್ನ. ನಿನ್ನ ತಂಗಿಯನ್ನು ಬೇಡವೆಂದದ್ದು ಅವನ ದೊಡ್ಡತನವೋ, ಅಂಜಿಕೆಯೋ, ನನಗೆ ತಿಳಿಯದು. ಅದನ್ನು ನೀನೇ ಕೇಳು. ಈ ಸಲ ದನಿ ತಗ್ಗಿಸದೆ ಕೇಳು.

ನಾನು ಹೇಳಬೇಕಾದ್ದು ಇಷ್ಟು. ನಿನ್ನ ಹೊಟ್ಟೆ ಸರಿಯಾಗೇ ಇತ್ತು. ಮದುವೆಯಾಗಿ ಬಂದಾಗ ನೀನು ಯಾವ ದೋಷವೂ ಇಲ್ಲದ ಗಟ್ಟಿ ಹುಡುಗಿ. ನಿನಗೆ ಬೇಕಾಗಿದ್ದದ್ದು ಒಂದು ನಿಜವಾದ ಮಾತು ಮಾತ್ರ. ಅದನ್ನು ಕೊಡುವ ಜಾಗದಲ್ಲಿ ಕೂತಿದ್ದವಳು ನಾನೊಬ್ಬಳೇ. ನನ್ನಂಥ ಹೆಂಗಸು ಡಾಕ್ಟರಾದರೆ ಹೆಂಗಸರು ಧೈರ್ಯವಾಗಿ ಬರುತ್ತಾರೆ ಎಂದು ಹೆಮ್ಮೆ ಪಡುತ್ತಿದ್ದೆ. ನೀನು ಧೈರ್ಯವಾಗಿ ಬಂದೆ, ಕೇಳಿಯೂ ಕೇಳಿದೆ. ಧೈರ್ಯ ಇಲ್ಲದವಳು ಕುರ್ಚಿಯಲ್ಲಿದ್ದಳು.

ಇನ್ನು ಮುಂದೆ ನನ್ನ ಕ್ಲಿನಿಕ್ಕಿನಲ್ಲಿ ಯಾವ ಹೆಂಗಸಿಗೂ ಅವಳ ಕಾಯಿಲೆಯ ಹೆಸರನ್ನು ಮುಚ್ಚಿಡುವುದಿಲ್ಲ. ಅತ್ತೆಯಂದಿರು ಹೊರಗೆ ಕೂರಲಿ, ಸಿಟ್ಟಾದರೆ ಆಗಲಿ. ಆದರೆ ಇದು ಬೇರೆಯವರಿಗೆ. ನಿನಗೆ ಕೊಡಲು ನನ್ನ ಹತ್ತಿರ ಏನೂ ಇಲ್ಲ. ಕ್ಷಮಿಸು ಎಂದು ಕೇಳಲಾರೆ — ನೀನು ಕ್ಷಮಿಸಿಬಿಡುತ್ತೀಯ ಎಂಬುದೇ ನನಗೆ ಭಯ. ಪರ್ವಾಲೇದು ಬುಡಮ್ಮ ಎನ್ನಬೇಡ, ರತ್ನ. ಒಂದು ದಿನವಾದರೂ ಬಯ್ಯಿ.

ನಾಳೆ ಭಾನುವಾರ ನಾನು ನಿನ್ನ ಮನೆಗೆ ಬಂದು ಈ ಕಾಗದವನ್ನು ನಿನ್ನ ಕೈಗೆ ಕೊಡುತ್ತೇನೆ. ನೀನು ಓದಿ ಮುಗಿಸುವ ತನಕ ತಿಮ್ಮರಾಜು ಮತ್ತು ನಾನು ನಿನ್ನೆದುರೇ ಕೂತಿರುತ್ತೇವೆ. ಎದ್ದು ಹೋಗಿ ಎಂದರೆ ಹೋಗುತ್ತೇನೆ. ಸೋಮವಾರ ಬೆಳಿಗ್ಗೆ ಎಂದಿನ ಹೊತ್ತಿಗೆ ಕ್ಲಿನಿಕ್ಕಿನ ಬಾಗಿಲು ನಾನೇ ತೆಗೆಯುತ್ತೇನೆ. ನೀನು ಬರದೇ ಹೋದರೆ, ಯಾಕೆ ಬರಲಿಲ್ಲ ಎಂದು ಫೋನ್ ಮಾಡುವುದಿಲ್ಲ.